ಆರು ಗುರುಗಳು, ಒಂದೇ ಅಂಕಿತ

ಬೆಂಗಳೂರಿನ ದಂಡು ಪ್ರದೇಶದಲ್ಲಿ ಪ್ರಾರ್ಥನೆಯ ಮನೆಗಳಿಗೆ ಎಂದೂ ಕೊರತೆ ಇಲ್ಲ. ಶಿವಾಜಿನಗರದಲ್ಲಿ ಸೇಂಟ್ ಮೇರಿ ಬೆಸಿಲಿಕಾ ಇದೆ, ಅದರ ಆಸುಪಾಸಿನಲ್ಲೇ ಮಸೀದಿಗಳಿವೆ. ಹಲಸೂರಿನ ಪೇಟೆಯೊಳಗೆ ಸೋಮೇಶ್ವರ ನೆಲೆಸಿದ್ದಾನೆ. ಇವುಗಳ ಜೊತೆಗೆ ಹಲಸೂರು ಕೆರೆಯ ಸಮೀಪ, ಕೆನ್ಸಿಂಗ್ಟನ್ ರಸ್ತೆಯಲ್ಲಿ, ಬಿಳಿಯ ಕಟ್ಟಡವೊಂದು ದಾರಿಹೋಕರ ಕಣ್ಣಿಗೆ ಬೀಳುತ್ತದೆ. ಅದು ಶ್ರೀ ಗುರು ಸಿಂಗ್ ಸಭಾದ ಗುರುದ್ವಾರ. ಒಳಗೆ ವಿಗ್ರಹವಿಲ್ಲ, ಗರ್ಭಗುಡಿಯೂ ಇಲ್ಲ. ಮೇಲ್ಕಟ್ಟಿನ ಕೆಳಗೆ, ಮೆತ್ತನೆಯ ಪೀಠದ ಮೇಲೆ, ರೇಷ್ಮೆ ಹೊದಿಕೆಯ ನಡುವೆ ಇರುವುದು ಒಂದು ಪುಸ್ತಕ. ಬಂದವರೆಲ್ಲ ತಲೆಗೆ ಬಟ್ಟೆ ಸುತ್ತಿ, ಅದರ ಮುಂದೆ ಹಣೆ ನೆಲಕ್ಕೆ ಮುಟ್ಟಿಸಿ, ನೆಲದ ಮೇಲೆಯೇ ಕೂರುತ್ತಾರೆ.

ಬ್ರಿಟಿಷರ ದಂಡು ಇಲ್ಲಿ ನೆಲೆಯೂರಿದ್ದು 19ನೆಯ ಶತಮಾನದ ಮೊದಲ ದಶಕದಲ್ಲಿ. ಸೈನ್ಯದ ಹಿಂದೆಯೇ ವ್ಯಾಪಾರ ಬಂತು, ಕಸುಬು ಬಂತು, ಭಾಷೆಗಳು ಬಂದವು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆ ಆರಂಭವಾದ ಮೇಲೆ ದೇಶದ ನಾನಾ ಮೂಲೆಗಳ ಜನ ಊರಿನ ಪೂರ್ವ ಭಾಗದಲ್ಲಿ ನೆಲೆಸಿದರು. 1947ರ ದೇಶವಿಭಜನೆಯಲ್ಲಿ ಮನೆಮಠ ಕಳೆದುಕೊಂಡ ಪಂಜಾಬಿ ಕುಟುಂಬಗಳು ದಕ್ಷಿಣದ ಊರುಗಳಲ್ಲಿಯೂ ಬದುಕು ಹುಡುಕಿದವು. ಹೀಗೆ ಬಂದವರ ಮಕ್ಕಳು, ಮೊಮ್ಮಕ್ಕಳು ಇಂದು ಕನ್ನಡ, ತಮಿಳು, ಇಂಗ್ಲಿಷ್‌ಗಳ ನಡುವೆ ಬೆಳೆದವರು. ಗುರುದ್ವಾರದಲ್ಲಿ ಓದುವ ಗ್ರಂಥ ಇರುವುದು ಗುರುಮುಖಿ ಲಿಪಿಯಲ್ಲಿ. ಅದರ ಭಾಷೆ ಇಂದಿನ ಪಂಜಾಬಿಯೂ ಅಲ್ಲ. ಹಾಗಾದರೆ ಪಂಜಾಬಿನಿಂದ ಎರಡು ಸಾವಿರ ಕಿಲೋಮೀಟರಿಗೂ ದೂರದ ಈ ಕೆರೆಯ ದಂಡೆಯಲ್ಲಿ ಆ ಗ್ರಂಥ ಅರ್ಥವಾಗುವುದು ಹೇಗೆ? ಅರ್ಥವಾಗುವುದು ಎಂದರೆ ಏನು?

ಈ ಪ್ರಶ್ನೆಯನ್ನು ಗ್ರಂಥವೇ ಎತ್ತುತ್ತದೆ, ಉತ್ತರವನ್ನೂ ಅದೇ ಕೊಡುತ್ತದೆ. ಬರಿಯ ಓದಿನಿಂದ ಅರ್ಥ ದಕ್ಕುವುದಿಲ್ಲ, ಓದಿದವನು ಬದಲಾಗದೆ ಓದು ಮುಗಿಯುವುದಿಲ್ಲ ಎಂಬುದು ಆ ಉತ್ತರದ ಸಾರ. ‘ಪುಸ್ತಕದ ಬದನೆಕಾಯಿ’ ಸಾರಿಗೆ ಬರುವುದಿಲ್ಲವೆಂದು ತಿಳಿದ ಕನ್ನಡಿಗರಿಗೆ ಇದು ಹೊಸ ಮಾತೇನಲ್ಲ. ಆದರೆ ಒಂದು ಪುಸ್ತಕವನ್ನೇ ಗುರುವೆಂದು ಸ್ವೀಕರಿಸಿದ ಧರ್ಮ ಈ ಮಾತನ್ನು ಹೇಳುತ್ತಿರುವುದು ವಿಶೇಷ.

ಗ್ರಂಥದ ರಚನೆ

ಐದನೆಯ ಗುರು ಅರ್ಜನ್ ದೇವ್ ಈ ಸಂಕಲನವನ್ನು ಸಿದ್ಧಪಡಿಸಿದರು. ಬರೆದುಕೊಂಡವರು ಭಾಯಿ ಗುರುದಾಸ್. 1604ರಲ್ಲಿ ಅದನ್ನು ಅಮೃತಸರದ ಹರಿಮಂದಿರದಲ್ಲಿ ಇರಿಸಲಾಯಿತು. ಅದರ ನಂತರ ಗುರು ಅರ್ಜನ್ ತಾವು ನೆಲದ ಮೇಲೆ ಮಲಗುತ್ತಿದ್ದರೆಂದು ಸಂಪ್ರದಾಯ ಹೇಳುತ್ತದೆ. ಸಂಕಲಿಸಿದವರೇ ಸಂಕಲನಕ್ಕೆ ತಲೆಬಾಗಿದರು. ಮುಂದೆ ಹತ್ತನೆಯ ಗುರು ಗೋವಿಂದ ಸಿಂಗ್ ತಮ್ಮ ತಂದೆ ಗುರು ತೇಗ್ ಬಹಾದೂರರ ರಚನೆಗಳನ್ನು ಸೇರಿಸಿದರು. 1708ರಲ್ಲಿ ಗೋದಾವರಿ ತೀರದ ನಾಂದೇಡಿನಲ್ಲಿ, ಇನ್ನು ಮುಂದೆ ಮನುಷ್ಯ ಗುರು ಇಲ್ಲ, ಗ್ರಂಥವೇ ಗುರು ಎಂದು ಸಾರಿದರು.

ಇಂದಿನ ಮುದ್ರಿತ ಪ್ರತಿಯಲ್ಲಿ 1430 ಪುಟಗಳು. ಎಲ್ಲಿ ಅಚ್ಚಾದರೂ ಪುಟಸಂಖ್ಯೆ ಬದಲಾಗದು. ಅಮೃತಸರದ ಪ್ರತಿಯಲ್ಲಿ ಯಾವ ಪುಟದಲ್ಲಿ ಯಾವ ಪದವಿದೆಯೋ ಹಲಸೂರಿನ ಪ್ರತಿಯಲ್ಲಿಯೂ ಅದೇ ಪುಟದಲ್ಲಿ ಅದೇ ಪದ. ಪುಟ ಎಂದು ಯಾರೂ ಕರೆಯುವುದಿಲ್ಲ, ‘ಅಂಗ’ ಎನ್ನುತ್ತಾರೆ. ಬಹುಭಾಗವನ್ನು ವಿಂಗಡಿಸಿರುವುದು ವಿಷಯದಿಂದಲ್ಲ, 31 ರಾಗಗಳಿಂದ. ಹೆಚ್ಚಿನ ಪದಗಳಲ್ಲಿ ‘ರಹಾಉ’ ಎಂಬ ಗುರುತಿನ ಸಾಲೊಂದಿರುತ್ತದೆ. ರಹಾಉ ಎಂದರೆ ನಿಲುಗಡೆ. ನಮ್ಮ ಕೀರ್ತನೆಗಳ ಪಲ್ಲವಿಯಂತೆ ಹಾಡುಗಾರರು ಮತ್ತೆ ಮತ್ತೆ ಅದಕ್ಕೆ ಮರಳುತ್ತಾರೆ. ಪದದ ತಿರುಳು ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ. ಹಾಡುತ್ತಾ ನಿಲ್ಲು, ನಿಂತು ಯೋಚಿಸು ಎಂಬ ಸೂಚನೆ ಗ್ರಂಥದ ಕಟ್ಟಡದಲ್ಲಿಯೇ ಇದೆ ಎಂದಾಯಿತು.

ಇನ್ನೂ ಗಮನಾರ್ಹವಾದದ್ದು ಅಂಕಿತದ ವಿಷಯ. ಕನ್ನಡದ ವಚನಕಾರರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಅಂಕಿತ. ಕೂಡಲಸಂಗಮದೇವ ಎಂದೊಡನೆ ಬಸವಣ್ಣ, ಗುಹೇಶ್ವರ ಎಂದೊಡನೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದೊಡನೆ ಅಕ್ಕ ನೆನಪಾಗುತ್ತಾರೆ. ಗ್ರಂಥಸಾಹೇಬಿನಲ್ಲಿ ಆರು ಗುರುಗಳ ರಚನೆಗಳಿವೆ: ನಾನಕ್, ಅಂಗದ್, ಅಮರದಾಸ್, ರಾಮದಾಸ್, ಅರ್ಜನ್ ಮತ್ತು ತೇಗ್ ಬಹಾದೂರ್. ಆರು ಜನರೂ ಬಳಸಿದ್ದು ‘ನಾನಕ್’ ಎಂಬ ಒಂದೇ ಅಂಕಿತ. ಯಾವುದು ಯಾರದೆಂದು ತಿಳಿಯಲು ಪದದ ತಲೆಯಲ್ಲಿ ‘ಮಹಲಾ’ ಎಂಬ ಶಬ್ದ ಮತ್ತು ಗುರುವಿನ ಕ್ರಮಸಂಖ್ಯೆ ಮಾತ್ರ ಇರುತ್ತದೆ. ಬರೆದವನು ತನ್ನ ಹೆಸರನ್ನು ಬಿಟ್ಟುಕೊಟ್ಟ. ಉಳಿದದ್ದು ಒಂದು ಅಂಕಿ. ‘ನಾನು’ ಎಂಬುದನ್ನು ಕಳೆದುಕೊಳ್ಳಬೇಕೆಂದು ಉಪದೇಶಿಸುವ ಗ್ರಂಥ ತನ್ನ ಅಂಕಿತದಲ್ಲಿಯೇ ಅದನ್ನು ಮಾಡಿ ತೋರಿಸಿದೆ.

ಗುರುಗಳ ಜೊತೆಗೆ ಭಕ್ತರ ವಾಣಿಯೂ ಇದೆ. ನೇಯ್ಗೆಯವ ಕಬೀರ, ಚಮ್ಮಾರ ರವಿದಾಸ, ಸೂಫಿ ಸಂತ ಫರೀದ, ಬೇಸಾಯಗಾರ ಧನ್ನಾ, ಕಟುಕರ ಕಸುಬಿನ ಸಧನಾ, ಕ್ಷೌರಿಕ ಸೈನ್ ಇವರೆಲ್ಲ ಇಲ್ಲಿ ಸಮಾನ ಆಸನದಲ್ಲಿದ್ದಾರೆ. ಪಂಢರಪುರದ ವಿಠ್ಠಲನ ಭಕ್ತ ನಾಮದೇವನ ಸುಮಾರು 60 ಪದಗಳು ಸೇರಿವೆ. ಪಂಢರಿಯ ದಾರಿ ಹಿಡಿಯುವ ಉತ್ತರ ಕರ್ನಾಟಕದ ವಾರಕರಿಗಳಿಗೂ ಗ್ರಂಥಸಾಹೇಬಿಗೂ ಹೀಗೊಂದು ನಂಟು ಉಂಟು. ಈ ಗ್ರಂಥಕ್ಕೆ ತಲೆಬಾಗುವವನು ಒಬ್ಬ ಚಮ್ಮಾರನ, ಒಬ್ಬ ನೇಕಾರನ ಮಾತಿಗೂ ತಲೆಬಾಗುತ್ತಾನೆ. ಹಾಗೆ ಬಾಗಿದ ಮೇಲೆಯೂ ಜಾತಿಯ ಹಮ್ಮು ಉಳಿದಿದ್ದರೆ ಅವನಿಗೆ ಗ್ರಂಥ ಅರ್ಥವಾಗಿಲ್ಲವೆಂದೇ ಹೇಳಬೇಕು.

ಜ್ಞಾನ ಎರಡನೆಯ ಮೆಟ್ಟಿಲು

ಗ್ರಂಥದ ಆರಂಭದಲ್ಲಿ ಗುರು ನಾನಕರ ‘ಜಪುಜಿ’ ಇದೆ. ಸಿಖ್ಖರು ದಿನವೂ ಬೆಳಗಿನ ಜಾವ ಪಠಿಸುವ ಭಾಗವಿದು. ಇದರಲ್ಲಿ 38 ‘ಪೌಡಿ’ಗಳು. ಪೌಡಿ ಎಂದರೆ ಮೆಟ್ಟಿಲು. ಮನುಷ್ಯ ಏರಬೇಕಾದ ಏಣಿಯಂತೆ ಇದರ ಜೋಡಣೆ.

ಇದರೊಳಗೆ ಕೇಳುವುದರ ಮಹಿಮೆಗೆ ನಾಲ್ಕು ಪೌಡಿಗಳು ಮೀಸಲು. ಕೇಳಿದ್ದನ್ನು ಮನಸ್ಸಿಗೆ ಒಪ್ಪಿಸಿಕೊಳ್ಳುವುದಕ್ಕೆ ಮತ್ತೆ ನಾಲ್ಕು. ಶ್ರವಣ, ಮನನ, ನಿದಿಧ್ಯಾಸನ ಎಂಬ ಉಪನಿಷತ್ತಿನ ಕ್ರಮ ಬಲ್ಲವರಿಗೆ ಇದು ಪರಿಚಿತವೆನಿಸಬಹುದು. ಕೊನೆಯ ಭಾಗದಲ್ಲಿ ಐದು ‘ಖಂಡ’ಗಳ ವಿವರಣೆ ಬರುತ್ತದೆ: ಧರ್ಮ, ಜ್ಞಾನ, ಸರಮ್, ಕರಮ್ ಮತ್ತು ಸತ್ಯ. ಮೊದಲನೆಯದು ಕರ್ತವ್ಯದ ನೆಲೆ. ಎರಡನೆಯದು ತಿಳಿವಳಿಕೆಯ ನೆಲೆ. ಮೂರನೆಯ ‘ಸರಮ್’ ಎಂಬುದನ್ನು ಸಾಧನೆಯ ಶ್ರಮವೆಂದು ಹಲವರು ವಿವರಿಸುತ್ತಾರೆ. ನಾಲ್ಕನೆಯ ‘ಕರಮ್’ ಇಲ್ಲಿ ನಮ್ಮ ಕರ್ಮವಲ್ಲ, ಕೃಪೆ ಎಂದು ಬಹಳ ಜನ ವ್ಯಾಖ್ಯಾನಕಾರರ ಅಭಿಪ್ರಾಯ. ಕಡೆಯದು ಸತ್ಯದ ನೆಲೆ.

ಇಲ್ಲಿ ಜ್ಞಾನಕ್ಕೆ ಸಿಕ್ಕಿರುವ ಸ್ಥಾನವನ್ನು ನೋಡಬೇಕು. ಅದು ತುದಿಯಲ್ಲ, ಎರಡನೆಯ ಮೆಟ್ಟಿಲು. ಅದಕ್ಕೂ ಮುಂಚೆ ಕರ್ತವ್ಯವಿದೆ, ಆಮೇಲೆ ದುಡಿಮೆಯಿದೆ. ಜಪುಜಿಯ ಕೊನೆಯ ಪೌಡಿಯಲ್ಲಿ ಅಕ್ಕಸಾಲೆಯ ರೂಪಕ ಬರುತ್ತದೆ. ಕುಲುಮೆ, ಅಡಿಗಲ್ಲು, ಬೆಂಕಿ ಎಲ್ಲವೂ ಅಲ್ಲಿ ಒಂದೊಂದು ಗುಣಕ್ಕೆ ಸಂಕೇತ. ಜ್ಞಾನಕ್ಕೆ ಸಿಗುವುದು ಉಪಕರಣದ ಪಾತ್ರ. ಸುತ್ತಿಗೆ ಎಷ್ಟು ಒಳ್ಳೆಯದಿದ್ದರೂ ಚಿನ್ನ ಬೆಂಕಿಗೆ ಬೀಳದೆ ಒಡವೆಯಾಗದು. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ನಮ್ಮ ಗಾದೆಯೂ ಇದೇ ಬಗೆಯದು.

ಕನ್ನಡದಲ್ಲಿ ಅನುಭವ, ಅನುಭಾವ ಎಂದು ಎರಡು ಶಬ್ದಗಳಿವೆ. ಇಂದ್ರಿಯಗಳಿಗೆ ಸಿಗುವುದು ಅನುಭವ. ಒಳಗಿನ ಅರಿವಾಗಿ ಮಾಗಿದ್ದು ಅನುಭಾವ. ಸಿಖ್ ಗ್ರಂಥ ಬೇಡುವ ಓದು ಈ ಎರಡನೆಯ ಬಗೆಯದು. ಅದಕ್ಕಿರುವ ಅಡ್ಡಿಯನ್ನು ಗ್ರಂಥ ‘ಹಉಮೈ’ ಎಂದು ಕರೆಯುತ್ತದೆ. ನಾನು, ನನ್ನದು, ನನ್ನಿಂದ ಎಂಬ ಭಾವದ ಒಟ್ಟು ಹೆಸರದು. ಜಗತ್ತು ನಡೆಯುವ ಕ್ರಮಕ್ಕೆ ‘ಹುಕಮ್’ ಎಂದು ಹೆಸರು. ಹುಕಮ್ ಅರಿತವನ ಬಾಯಲ್ಲಿ ‘ನಾನು’ ಬರದು ಎಂಬುದು ಗುರು ನಾನಕರ ನಿಲುವು. ಹೀಗಾಗಿ ಗ್ರಂಥ ಎಷ್ಟು ಅರ್ಥವಾಗಿದೆ ಎಂದು ಅಳೆಯಲು ಎಷ್ಟು ಪದ ಕಂಠಪಾಠವಾಗಿದೆ ಎಂದು ಕೇಳಿದರೆ ಸಾಲದು, ‘ನಾನು’ ಎಷ್ಟು ಕರಗಿದೆ ಎಂದು ಕೇಳಬೇಕು.

ಅಕ್ಷರವೂ ಬೇಕು

ಹಾಗೆಂದು ಪಾಂಡಿತ್ಯ ವ್ಯರ್ಥವೆಂದು ತಿಳಿಯಬಾರದು. ಸಿಖ್ ಪರಂಪರೆಯಲ್ಲಿ ವ್ಯಾಖ್ಯಾನಗಳ ದೊಡ್ಡ ಸಾಲೇ ಇದೆ. 1873ರಲ್ಲಿ ಅಮೃತಸರದಲ್ಲಿ ಆರಂಭವಾದ ಸಿಂಗ್ ಸಭಾ ಚಳವಳಿ ಶಿಕ್ಷಣ ಮತ್ತು ಪ್ರಕಟಣೆಗಳಿಗೆ ಒತ್ತುಕೊಟ್ಟಿತು. ಹಲಸೂರಿನ ಗುರುದ್ವಾರದ ಹೆಸರಿನಲ್ಲಿರುವ ‘ಸಿಂಗ್ ಸಭಾ’ ಆ ಚಳವಳಿಯ ನೆನಪನ್ನು ಉಳಿಸಿಕೊಂಡಿದೆ.

ಪ್ರೊಫೆಸರ್ ಸಾಹಿಬ್ ಸಿಂಗ್ (1892–1977) ಗ್ರಂಥದ ಭಾಷೆಗೆ ತನ್ನದೇ ವ್ಯಾಕರಣವಿದೆ ಎಂದು ತೋರಿಸಿಕೊಟ್ಟ ವಿದ್ವಾಂಸರು. ಪದಗಳ ಕೊನೆಯಲ್ಲಿ ಬರುವ, ಉಚ್ಚಾರದಲ್ಲಿ ಅಷ್ಟಾಗಿ ಕೇಳಿಸದ ಇಕಾರ, ಉಕಾರಗಳು ವಿಭಕ್ತಿ ಮತ್ತು ವಚನಗಳನ್ನು ಸೂಚಿಸುತ್ತವೆ. ಅವನ್ನು ಕಡೆಗಣಿಸಿದರೆ ಅರ್ಥ ತಿರುವುಮುರುವಾಗುತ್ತದೆ ಎಂದು ಅವರು ವಿವರಿಸಿದರು. ಅವರ ‘ಗುರು ಗ್ರಂಥ ಸಾಹಿಬ್ ದರ್ಪಣ’ ಹತ್ತು ಸಂಪುಟಗಳಲ್ಲಿ 1962–64ರ ಅವಧಿಯಲ್ಲಿ ಹೊರಬಂತು. ಅವರಿಗಿಂತ ಹಿರಿಯರಾದ ಕವಿ ಪೂರಣ್ ಸಿಂಗ್ (1881–1931) ಮತ್ತು ಭಾಯಿ ವೀರ್ ಸಿಂಗ್ (1872–1957) ಗ್ರಂಥವನ್ನು ಭಾವದ ಕಡೆಯಿಂದ, ಒಳ ಅನುಭವದ ಕಡೆಯಿಂದ ಕಂಡವರು.

ಈ ಎರಡು ದಾರಿಗಳೂ ಒಂದನ್ನೊಂದು ಕಾಯುತ್ತವೆ. ಬರಿಯ ವ್ಯಾಕರಣ ಹಿಡಿದರೆ ಶವಪರೀಕ್ಷೆಯಾದೀತು. ಅಕ್ಷರದ ಹಂಗೇ ಇಲ್ಲದ ಅನುಭವ ಮನಸ್ಸಿಗೆ ಬಂದದ್ದನ್ನೆಲ್ಲ ಗುರುವಿನ ಬಾಯಿಗೆ ತುರುಕೀತು. ‘ನನಗೆ ಹೀಗೆ ಅನುಭವವಾಯಿತು’ ಎನ್ನುವುದರಲ್ಲಿಯೂ ಒಂದು ‘ನಾನು’ ಅಡಗಿರುತ್ತದೆ. ಒಳಗಿನ ಸಾಕ್ಷಾತ್ಕಾರ ನಿಜವೋ ಭ್ರಮೆಯೋ ಎಂದು ತಿಳಿಯಲು ಹೊರಗೊಂದು ಪರೀಕ್ಷೆ ಬೇಕು. ಸಿಖ್ ಧರ್ಮದಲ್ಲಿ ಆ ಪರೀಕ್ಷೆಯ ಹೆಸರು ಸೇವೆ.

ಪಂಕ್ತಿಯ ಪಾಠ

ಗುರು ನಾನಕರ ಬೋಧನೆಯನ್ನು ಮೂರು ಮಾತುಗಳಲ್ಲಿ ಸಂಗ್ರಹಿಸುವುದು ವಾಡಿಕೆ: ನಾಮಸ್ಮರಣೆ ಮಾಡು, ದುಡಿದು ಗಳಿಸು, ಹಂಚಿಕೊಂಡು ಉಣ್ಣು. ದೀರ್ಘ ಯಾತ್ರೆಗಳನ್ನು ಮುಗಿಸಿ ಬಂದ ನಾನಕರು ಕಾವಿ ಉಟ್ಟು ಕಾಡಿಗೆ ಹೋಗಲಿಲ್ಲ. ರಾವಿ ನದಿಯ ದಡದ ಕರ್ತಾರಪುರದಲ್ಲಿ ಹೊಲ ಉಳುತ್ತ, ಸಂಸಾರದಲ್ಲಿದ್ದುಕೊಂಡೇ 1539ರಲ್ಲಿ ತೀರಿಕೊಂಡರು. ಅವರು ಆರಂಭಿಸಿದ ಸಹಭೋಜನವನ್ನು ಮೂರನೆಯ ಗುರು ಅಮರದಾಸರು ಗಟ್ಟಿಗೊಳಿಸಿದರು. ಗುರುದರ್ಶನಕ್ಕೆ ಮೊದಲು ಪಂಕ್ತಿಯಲ್ಲಿ ಕೂತು ಉಣ್ಣಬೇಕು ಎಂಬ ನಿಯಮ ಅವರದು. ಇದೇ ಲಂಗರ್.

ಕನ್ನಡಿಗರಿಗೆ ಇಲ್ಲಿ ಕಾಯಕ ಮತ್ತು ದಾಸೋಹಗಳ ನೆನಪಾಗದೆ ಇರದು. 12ನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಹೇಳಿದ್ದೂ ದುಡಿಮೆ ಮತ್ತು ಹಂಚಿಕೆಯ ಮಾತನ್ನೇ. ಒಂದು ಇನ್ನೊಂದರಿಂದ ಬಂತೆಂದು ಹೇಳಲು ಆಧಾರವಿಲ್ಲ, ಹೇಳುವ ಅಗತ್ಯವೂ ಇಲ್ಲ. ಶರಣರ ಇಷ್ಟಲಿಂಗ, ಸಿಖ್ಖರ ಗ್ರಂಥಗುರು ಬೇರೆಬೇರೆ ದಾರಿಗಳು. ದೇವರನ್ನು ಮನುಷ್ಯನ ಹಸಿವಿನಿಂದ ದೂರ ಇಡಬಾರದು ಎಂಬಲ್ಲಿ ಮಾತ್ರ ಎರಡೂ ಕೂಡುತ್ತವೆ.

ಲಂಗರನ್ನು ಅನ್ನದಾನವೆಂದು ಕರೆಯುವುದುಂಟು. ಅದು ಪೂರ್ತಿ ಸರಿಯಲ್ಲ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ಲಂಗರಿನಲ್ಲಿ ಧಾನ್ಯ ಕೊಟ್ಟವನೂ ಬೀದಿಯಿಂದ ಬಂದವನೂ ಒಂದೇ ಸಾಲಿನಲ್ಲಿ, ಒಂದೇ ನೆಲದ ಮೇಲೆ ಕೂರುತ್ತಾರೆ. ರೊಟ್ಟಿ, ಬೇಳೆ ಎಲ್ಲರಿಗೂ ಒಂದೇ. ಇಂದು ಬಡಿಸಿದವನು ನಾಳೆ ಉಣ್ಣುವವನು. ಪ್ರಾರ್ಥನೆಯ ಕೊನೆಗೆ ಹಂಚುವ ಕಡಾ ಪ್ರಸಾದವೂ ಗೋಧಿಹಿಟ್ಟು, ತುಪ್ಪ, ಸಕ್ಕರೆಗಳನ್ನು ಸಮಪಾಲಿನಲ್ಲಿ ಬೆರೆಸಿ ಮಾಡಿದ್ದು. ಅಂಗೈಗಳೆರಡನ್ನೂ ಜೋಡಿಸಿ ಎಲ್ಲರೂ ಅದನ್ನು ಪಡೆಯಬೇಕು.

ಗುರುದ್ವಾರದ ಬಾಗಿಲಲ್ಲಿ ಪಾದರಕ್ಷೆ ಕಾಯುವುದು, ಪಾತ್ರೆ ತೊಳೆಯುವುದು, ನೆಲ ಒರೆಸುವುದು ಇವೆಲ್ಲ ಸೇವೆಯೇ. ಸಮಾಜ ಯಾವ ಕೆಲಸವನ್ನು ಕೀಳೆಂದು ಇನ್ನೊಬ್ಬರ ತಲೆಗೆ ಕಟ್ಟಿದೆಯೋ ಆ ಕೆಲಸವನ್ನೇ ಕೈಯಾರೆ ಮಾಡಿಸುವ ವ್ಯವಸ್ಥೆ ಇದು. ಮೇಲಿನ ಸಭಾಂಗಣದಲ್ಲಿ ಕೇಳಿದ ಪದ ಎಂಜಲು ತಟ್ಟೆಯ ಮುಂದೆ ಪರೀಕ್ಷೆಗೆ ನಿಲ್ಲುತ್ತದೆ. ಇಲ್ಲಿಯೂ ಅಪಾಯ ತಪ್ಪಿದ್ದಲ್ಲ. ‘ಇಷ್ಟು ಜನಕ್ಕೆ ಉಣಬಡಿಸಿದೆ’ ಎಂಬ ಹೆಮ್ಮೆ ಸೇವೆಯ ಬೆನ್ನಿಗೇ ಬಂದು ಕೂರುತ್ತದೆ. ಫಲದ ಆಸೆಯಿಲ್ಲದ ಸೇವೆ ಮಾತ್ರ ಸೇವೆ ಎಂದು ಗ್ರಂಥ ಎಚ್ಚರಿಸುವುದು ಇದಕ್ಕೇ.

ಓದಿಗೆ ಸಾಕ್ಷಿಯಾದವರು

18ನೆಯ ಶತಮಾನದ ಆರಂಭದಲ್ಲಿ ಆನಂದಪುರಕ್ಕೆ ಮುತ್ತಿಗೆ ಬಿದ್ದಿದ್ದಾಗ ಭಾಯಿ ಕನ್ಹಯ್ಯ ಎಂಬಾತ ರಣರಂಗದಲ್ಲಿ ಗಾಯಾಳುಗಳಿಗೆ ನೀರು ಕೊಡುತ್ತಿದ್ದ. ಶತ್ರು ಸೈನಿಕರಿಗೂ ಅವನು ನೀರೆರೆಯುತ್ತಿದ್ದಾನೆಂದು ಜೊತೆಗಾರರು ದೂರು ತಂದರು. ಗುರು ಗೋವಿಂದ ಸಿಂಗ್ ಅವನನ್ನು ಕರೆದು ಕೇಳಿದಾಗ, ತನಗೆ ಅಲ್ಲಿ ಶತ್ರುಮಿತ್ರರ ಭೇದ ಕಾಣಲಿಲ್ಲ, ಎಲ್ಲರಲ್ಲಿಯೂ ಗುರುವಿನ ಮುಖವೇ ಕಂಡಿತು ಎಂದನಂತೆ. ಗುರು ಗದರಿಸಲಿಲ್ಲ. ಇನ್ನು ಮುಂದೆ ಗಾಯಕ್ಕೆ ಹಚ್ಚಲು ಮುಲಾಮನ್ನೂ ಒಯ್ಯಿ ಎಂದು ಕೊಟ್ಟು ಕಳಿಸಿದರು. ಗ್ರಂಥ ಹೇಳುವ ಏಕದೇವತ್ವವನ್ನು ಕನ್ಹಯ್ಯ ವ್ಯಾಖ್ಯಾನಿಸಲಿಲ್ಲ, ನೀರಾಗಿ ಸುರಿದ.

ಅದಕ್ಕೂ ಮೊದಲು 1675ರಲ್ಲಿ ಗುರು ತೇಗ್ ಬಹಾದೂರ್ ದೆಹಲಿಯಲ್ಲಿ ತಲೆಕೊಟ್ಟರು. ಕಾಶ್ಮೀರಿ ಪಂಡಿತರ ಮೊರೆಗೆ ಓಗೊಟ್ಟು ಅವರು ಹೋದರೆಂದು ಸಿಖ್ ಪರಂಪರೆ ನೆನೆಯುತ್ತದೆ. ಬಾಲ್ಯದಲ್ಲಿಯೇ ಜನಿವಾರ ಬೇಡವೆಂದವರು ಗುರು ನಾನಕ್; ಅದೇ ಪೀಠದ ಒಂಬತ್ತನೆಯ ಗುರು ಇನ್ನೊಬ್ಬರ ಜನಿವಾರದ ಹಕ್ಕಿಗಾಗಿ ಪ್ರಾಣ ತೆತ್ತರು. ತನ್ನ ಮತಕ್ಕಾಗಿ ಸಾಯುವವರು ಬಹಳ. ತಾನು ಒಪ್ಪದ ಆಚರಣೆಯ ಸ್ವಾತಂತ್ರ್ಯಕ್ಕೆ ಸತ್ತವರು ವಿರಳ.

ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ. ಗುರು ನಾನಕರು ದಕ್ಷಿಣ ಯಾತ್ರೆಯಲ್ಲಿ ಬೀದರಿಗೆ ಬಂದರು, ಕುಡಿಯುವ ನೀರಿಗೆ ಜನ ಪರದಾಡುವುದನ್ನು ಕಂಡು ಅಲ್ಲಿ ಸಿಹಿನೀರಿನ ಝರಿ ಚಿಮ್ಮಿಸಿದರು ಎಂಬುದು ಗುರುನಾನಕ್ ಝೀರಾದ ಐತಿಹ್ಯ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗ್ ತಲೆ ಕೇಳಿದಾಗ ಎದ್ದುನಿಂತ ಐವರಲ್ಲಿ ಒಬ್ಬ ಬೀದರಿನ ಸಾಹಿಬ್ ಚಂದ್, ಕಸುಬಿನಿಂದ ಕ್ಷೌರಿಕ. ಉಳಿದವರು ಲಾಹೋರ್, ಹಸ್ತಿನಾಪುರ, ಜಗನ್ನಾಥಪುರಿ ಮತ್ತು ದ್ವಾರಕೆಯ ಕಡೆಯವರು. ಐದು ದಿಕ್ಕಿನ, ಐದು ಕಸುಬಿನ ಐವರು ಒಂದೇ ಬಟ್ಟಲಿನ ಅಮೃತ ಕುಡಿದರು. ಆಮೇಲೆ ಗುರುವೇ ಅವರ ಮುಂದೆ ಕೈಯೊಡ್ಡಿ ಅದೇ ದೀಕ್ಷೆ ಪಡೆದರು. ಸಾಹಿಬ್ ಸಿಂಗ್ ಆದ ಬೀದರಿನ ಆ ಮನುಷ್ಯ ಮುಂದೆ ಚಮಕೌರ್ ಕಾಳಗದಲ್ಲಿ ಮಡಿದ. ಗ್ರಂಥದೊಳಗೆ ಸೈನ್ ಎಂಬ ಕ್ಷೌರಿಕನ ಪದ, ಪಂಥದ ಮುಂಚೂಣಿಯಲ್ಲಿ ಬೀದರಿನ ಕ್ಷೌರಿಕ. ಹೇಳಿದ್ದಕ್ಕೂ ಮಾಡಿದ್ದಕ್ಕೂ ಅಂತರವಿರಲಿಲ್ಲ. ಯುದ್ಧಭೂಮಿಯಲ್ಲಿ ಕಾದಾಡಿದ ಮಾಯಿ ಭಾಗೋ ಎಂಬ ವೀರವನಿತೆ ತನ್ನ ಕೊನೆಯ ದಿನಗಳನ್ನು ಬೀದರ್ ಬಳಿಯ ಜನವಾಡದಲ್ಲಿ ಧ್ಯಾನದಲ್ಲಿ ಕಳೆದಳೆಂದು ನಂಬಿಕೆ.

ಇದೇ ಬೀದರಿನಲ್ಲಿ 1988ರ ಸೆಪ್ಟೆಂಬರಿನಲ್ಲಿ ಸಿಖ್ ವಿದ್ಯಾರ್ಥಿಗಳ ಮೇಲೆ ದಾಳಿ ನಡೆದು ಹಲವರು ಪ್ರಾಣ ಕಳೆದುಕೊಂಡರು ಎಂಬುದನ್ನೂ ಮರೆಯಬಾರದು. ಅದಕ್ಕೆ ನಾಲ್ಕು ವರ್ಷ ಮೊದಲು, 1984ರಲ್ಲಿ, ದೆಹಲಿಯಲ್ಲಿ ಸಾವಿರಾರು ಸಿಖ್ಖರ ಹತ್ಯೆಯಾಗಿತ್ತು. ಆ ದಿನಗಳ ನಂತರವೂ ಗುರುದ್ವಾರಗಳಲ್ಲಿ ನಿತ್ಯದ ಅರ್ದಾಸ್ ಪ್ರಾರ್ಥನೆ ಹಿಂದಿನಂತೆಯೇ ಸಕಲರ ಒಳಿತನ್ನು ಬೇಡಿಯೇ ಮುಗಿಯಿತು. ಸಕಲರು ಎಂದಾಗ ಅದರಲ್ಲಿ ಕೆಡುಕು ಮಾಡಿದವರೂ ಸೇರುತ್ತಾರೆ. ಸುಲಭದ ದಿನಗಳಲ್ಲಿ ಈ ಮಾತು ಬಾಯಿಪಾಠ. ಗಾಯ ಹಸಿಯಾಗಿರುವಾಗ ಅದನ್ನು ನುಡಿಯುವುದಕ್ಕೆ ಬೇರೆಯೇ ಬಲ ಬೇಕು. 2020ರಲ್ಲಿ ಕೋವಿಡ್ ಕಾಲದ ದಿಗ್ಬಂಧನವಾದಾಗ ದೇಶದ ಅನೇಕ ಗುರುದ್ವಾರಗಳ ಅಡುಗೆಮನೆಗಳು ಹಸಿದವರಿಗೆಲ್ಲ ತೆರೆದಿದ್ದವು. 2021ರಲ್ಲಿ ದೆಹಲಿ ಪಕ್ಕದ ಗಾಜಿಯಾಬಾದಿನ ಗುರುದ್ವಾರವೊಂದರಲ್ಲಿ ಆಮ್ಲಜನಕದ ಲಂಗರ್ ನಡೆಯಿತು. ಉಸಿರಿಗಾಗಿ ಬಂದವರ ಜಾತಿ ಮತಗಳನ್ನು ಅಲ್ಲಿ ಕೇಳಲಿಲ್ಲ.

ಗುರುಮುಖಿ ಓದಲು ಬಾರದ ಬೆಂಗಳೂರಿನ ಮಗುವಿಗೆ ಅಕ್ಷರ ಕಲಿಸುವುದು ಅವಶ್ಯ. ಅದಿಲ್ಲದೆ ಗ್ರಂಥ ಕೇವಲ ಪೂಜೆಯ ವಸ್ತುವಾಗಿಬಿಡಬಹುದು. ಆದರೆ ಆ ಮಗು ಲಂಗರಿನಲ್ಲಿ ಅಪರಿಚಿತನೊಬ್ಬನ ತಟ್ಟೆಗೆ ರೊಟ್ಟಿ ಹಾಕುವಾಗ, ಕೆಳಗೆ ಕೂತವನ ಮಟ್ಟಕ್ಕೆ ತಾನೂ ಬಗ್ಗಬೇಕಾಗುತ್ತದೆ. ಆರು ಗುರುಗಳು ತಮ್ಮ ಹೆಸರನ್ನು ಬಿಟ್ಟುಕೊಟ್ಟು ಕಲಿಸಿದ ಪಾಠವೂ ಅದೇ. ಹಾಗೆ ಬಗ್ಗಲು ಕಲಿತವರು ಯಾವ ಭಾಷೆಯವರಾದರೂ ಗ್ರಂಥದ ಮೊದಲ ಪುಟವನ್ನು ತೆರೆದಂತೆಯೇ ಸರಿ.